ದೊಡ್ಡ ಹೆಸರಿನಲ್ಲಿ ಬರುವ ಓಲೆ

ಶಿವಮೊಗ್ಗ ಜಿಲ್ಲೆಯ ಕುಪ್ಪಗಡ್ಡೆ, ಬೇಗೂರು, ಗೌಜ ಅಗ್ರಹಾರಗಳ ಹೆಸರಿನಲ್ಲಿ ಪ್ರಸಿದ್ಧವಾದ ಕೆಲವು ತಾಮ್ರಶಾಸನಗಳು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರನ್ನು ಬಹುಕಾಲ ಕಾಡಿದವು. ಅವುಗಳ ಪ್ರಕಾರ ದಾನ ಕೊಟ್ಟವನು ಬೇರಾರೂ ಅಲ್ಲ, ಪರೀಕ್ಷಿತನ ಮಗ, ಸರ್ಪಯಾಗ ಮಾಡಿದ ಜನಮೇಜಯ ಚಕ್ರವರ್ತಿ! ಆದರೆ ಶಾಸನಗಳ ಲಿಪಿ, ಭಾಷೆ ಎರಡೂ ಮಧ್ಯಯುಗದವು. ಹಸ್ತಿನಾವತಿಯ ದೊರೆಯ ಹೆಸರನ್ನು ಯಾರೋ ಎರವಲು ಪಡೆದಿದ್ದರು. ಜೆ.ಎಫ್. ಫ್ಲೀಟ್ ಅವರಂಥ ತಜ್ಞರು ಇವನ್ನು ಕೂಟಶಾಸನಗಳ ಪಟ್ಟಿಗೆ ಸೇರಿಸಿದರು. ಉದ್ದೇಶವನ್ನು ಊಹಿಸುವುದು ಕಷ್ಟವಲ್ಲ. ಭೂಮಿಯ ಮೇಲಿನ ಹಕ್ಕಿಗೆ ಒಂದು ದೊಡ್ಡ ಹೆಸರಿನ ಆಸರೆ ಬೇಕಿತ್ತು.

ಪರರ ಹೆಸರು ಹೊತ್ತು ಲಾಭ ಮಾಡಿಕೊಳ್ಳುವ ವಿದ್ಯೆ ಹೀಗೆ ಹಳೆಯದೇ. ಅದಕ್ಕೆ ಇತ್ತೀಚೆಗೆ ಸಿಕ್ಕಿಬೀಳುತ್ತಿರುವವರು ಮಾತ್ರ ಹೊಸಬರು. ಅಂತರ್ಜಾಲದ ಪ್ರಕಟಣಾ ವೇದಿಕೆಗಳಲ್ಲಿ ಕಥೆ, ಕವಿತೆ, ಧಾರಾವಾಹಿ ಬರೆಯುವವರು ಅವರು.

ಬದಲಾದ ದಾರಿ

ಹಿಂದೆ ಬರಹಗಾರರ ದಾರಿ ನಿಧಾನದ್ದಾಗಿತ್ತು. ಹಾಳೆಯ ಒಂದೇ ಮಗ್ಗುಲಲ್ಲಿ ಕಥೆ ಬರೆದು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಪತ್ರಿಕೆಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಬಹುಮಟ್ಟಿಗೆ ಮರಳಿ ಬರುತ್ತಿದ್ದುದು ವಿಷಾದಪತ್ರವೇ. ಆದರೆ ಆ ದಾರಿಯಲ್ಲಿ ಒಂದು ಭದ್ರತೆ ಇತ್ತು. ಸಂಪಾದಕರ ವಿಳಾಸ ಪತ್ರಿಕೆಯಲ್ಲೇ ಅಚ್ಚಾಗಿರುತ್ತಿತ್ತು. 1930ರಲ್ಲಿ ಸ್ಥಾಪನೆಯಾದ ಶಿವಮೊಗ್ಗೆಯ ಕರ್ನಾಟಕ ಸಂಘದಂಥ ಕಡೆ ಹಿರಿಯ ಸಾಹಿತಿಗಳನ್ನು ಮುಖತಃ ಕಾಣಬಹುದಿತ್ತು. ಪ್ರಕಾಶಕ ಎಂಥವನೆಂಬುದು ನಾಲ್ಕು ಜನರನ್ನು ವಿಚಾರಿಸಿದರೆ ತಿಳಿಯುತ್ತಿತ್ತು.

ಈಗಿನ ದಾರಿ ಬೇರೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಂಥ ವೇದಿಕೆಗಳಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಬರೆದು ಪ್ರಕಟಿಸಬಹುದು. ಶಿವಮೊಗ್ಗೆಯ ರಾಗಿಗುಡ್ಡದ ಮನೆಯೊಂದರಲ್ಲಿ ಸಂಜೆಯ ಕೆಲಸ ಮುಗಿಸಿ ಮೊಬೈಲಿನಲ್ಲಿ ಬರೆದ ಕಂತಿಗೆ ಅದೇ ರಾತ್ರಿ ಬೀದರಿನಲ್ಲೂ ದುಬೈಯಲ್ಲೂ ಓದುಗರು ಸಿಗಬಹುದು. ಪತ್ರಿಕೆಗಳ ಬಾಗಿಲು ತಟ್ಟಲು ಹಿಂಜರಿದವರಿಗೆ, ಅದರಲ್ಲೂ ಗೃಹಿಣಿಯರಿಗೆ, ಇದು ಸಣ್ಣ ಲಾಭವಲ್ಲ. ಆದರೆ ಬರಹಗಾರರನ್ನು ಓದುಗರಿಗೆ ತೋರಿಸುವ ಕಿಟಕಿಯೇ ವಂಚಕನಿಗೂ ತೋರಿಸುತ್ತದೆ. ಹೆಸರು, ಭಾವಚಿತ್ರ, ಓದುಗರ ಸಂಖ್ಯೆ, ಪುಸ್ತಕ ಅಚ್ಚಾಗಬೇಕೆಂಬ ಆಸೆ ಎಲ್ಲವೂ ಅಲ್ಲಿ ಕಣ್ಣೆದುರಿಗೇ ಇರುತ್ತವೆ.

ಹೊಗಳಿಕೆಯಿಂದ ಶುಲ್ಕದವರೆಗೆ

ಮೋಸದ ಕ್ರಮ ಬಹುತೇಕ ಒಂದೇ. ಮೊದಲು ಒಂದು ಸಂದೇಶ ಬರುತ್ತದೆ. ಕಳಿಸಿದವರು ತಮ್ಮನ್ನು ವೇದಿಕೆಯ ಸಂಪಾದಕರೆಂದೋ ಹೆಸರಾಂತ ಪ್ರಕಾಶನದವರೆಂದೋ ಚಲನಚಿತ್ರ ಸಂಸ್ಥೆಯವರೆಂದೋ ಪರಿಚಯಿಸಿಕೊಳ್ಳುತ್ತಾರೆ. ಜೊತೆಗೆ ಸಂಸ್ಥೆಯ ಲಾಂಛನವೂ ಇರುತ್ತದೆ. ಕಥೆಯ ಪಾತ್ರವೊಂದರ ಹೆಸರು ಹೇಳಿ ಹೊಗಳುತ್ತಾರೆ. ಓದಿಯೇ ಬರೆದಿದ್ದಾರೆಂಬ ನಂಬಿಕೆ ಹುಟ್ಟಲು ಅಷ್ಟು ಸಾಕು. ಮಾತು ಬೇಗ ವಾಟ್ಸಾಪ್‌ಗೆ ಜಾರುತ್ತದೆ. ಆಮೇಲೆ ನೋಂದಣಿ ಶುಲ್ಕ, ಐಎಸ್‌ಬಿಎನ್ ಶುಲ್ಕ, ಹಕ್ಕುಸ್ವಾಮ್ಯದ ಖರ್ಚು, ಮುಂಗಡ ತೆರಿಗೆ ಎಂದು ಒಂದೊಂದೇ ಬೇಡಿಕೆ ಬರುತ್ತದೆ. ಇಲ್ಲವೇ ಗೌರವಧನ ಜಮಾ ಮಾಡುವ ನೆಪದಲ್ಲಿ ಬ್ಯಾಂಕ್ ವಿವರವನ್ನೂ ಒಟಿಪಿಯನ್ನೂ ಕೇಳುತ್ತಾರೆ. ಮೊದಲ ಮೊತ್ತ ಚಿಕ್ಕದಿರುತ್ತದೆ. ಅದನ್ನು ಕೊಟ್ಟವರು ಎರಡನೆಯದನ್ನು ಕೊಡುವುದು ಮೊದಲಿನದು ವ್ಯರ್ಥವಾಗಬಾರದೆಂಬ ಕಾರಣಕ್ಕೆ.

ಈ ಬೇಡಿಕೆಗಳಲ್ಲಿ ಹಲವು ನಿಜಸಂಗತಿಯ ಎದುರು ನಿಲ್ಲುವುದಿಲ್ಲ. ಭಾರತದಲ್ಲಿ ಪುಸ್ತಕಗಳಿಗೆ ಐಎಸ್‌ಬಿಎನ್ ನೀಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ಸಂಸ್ಥೆ. ಅದು ಉಚಿತ. ಹಕ್ಕುಸ್ವಾಮ್ಯ ಕೃತಿ ಬರೆದ ಕ್ಷಣದಿಂದಲೇ ಲೇಖಕರದು, ನೋಂದಣಿ ಕಡ್ಡಾಯವಲ್ಲ. ನೋಂದಾಯಿಸಲೇಬೇಕೆಂದರೂ 2013ರ ನಿಯಮಗಳ ಪ್ರಕಾರ ಒಂದು ಸಾಹಿತ್ಯಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ಇನ್ನು ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾದ ಸಂದರ್ಭವೇ ಇಲ್ಲ. ಪಿನ್ ಒತ್ತಿದರೆಂದರೆ ಹಣ ಹೋಗುತ್ತದೆ, ಬರುವುದಿಲ್ಲ.

ಅಕ್ಷರದ ಮರೆಯಲ್ಲಿ

ಹೊಸಬರಷ್ಟೇ ಮೋಸಹೋಗುತ್ತಾರೆಂದು ತಿಳಿಯಬೇಕಾಗಿಲ್ಲ. ಫಿಲಿಪ್ಪೊ ಬರ್ನಾರ್ಡಿನಿ ಎಂಬಾತ ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರ ನೌಕರನಾಗಿದ್ದ. 2016ರಿಂದ ಆತ ಹೆಸರಾಂತ ಸಂಪಾದಕರ, ಪ್ರತಿನಿಧಿಗಳ ಸೋಗಿನಲ್ಲಿ ಪತ್ರ ಬರೆದು ಸಾವಿರಕ್ಕೂ ಹೆಚ್ಚು ಅಪ್ರಕಟಿತ ಹಸ್ತಪ್ರತಿಗಳನ್ನು ತರಿಸಿಕೊಂಡ. ಅದಕ್ಕಾಗಿ 160ಕ್ಕೂ ಹೆಚ್ಚು ನಕಲಿ ಜಾಲವಿಳಾಸಗಳನ್ನು ನೋಂದಾಯಿಸಿದ್ದ. ಅವನ ಒಂದು ಉಪಾಯ ಸರಳವಾದುದು. ಇಂಗ್ಲಿಷಿನ ‘ಎಂ’ ಇರಬೇಕಾದ ಕಡೆ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತಾಗಿ ಇಡುವುದು. ಸಣ್ಣ ಅಕ್ಷರಗಳಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. 2022ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಬಂಧಿತನಾದ ಆತ ಮರುವರ್ಷ ತಪ್ಪೊಪ್ಪಿಕೊಂಡ. ಹಸ್ತಪ್ರತಿಗಳನ್ನು ಮಾರಿಕೊಂಡಿರಲಿಲ್ಲ ಎಂಬುದು ವಿಚಿತ್ರ.

ಹಣಕ್ಕಾಗಿಯೇ ನಡೆದ ಮೋಸದ ಪ್ರಮಾಣ ಇನ್ನೂ ದೊಡ್ಡದು. ದೊಡ್ಡ ಪ್ರಕಾಶಕರು, ಚಿತ್ರಸಂಸ್ಥೆಗಳು ಪುಸ್ತಕದಲ್ಲಿ ಆಸಕ್ತಿ ತೋರಿದ್ದಾರೆಂದು ನಂಬಿಸಿ, 800ಕ್ಕೂ ಹೆಚ್ಚು ಲೇಖಕರಿಂದ 4 ಕೋಟಿ 40 ಲಕ್ಷ ಡಾಲರ್ ಪಡೆದ ಆರೋಪದ ಪ್ರಕರಣವನ್ನು ಅಮೆರಿಕದ ಸ್ಯಾನ್ ಡಿಯಾಗೊದ ಫೆಡರಲ್ ಅಧಿಕಾರಿಗಳು 2024ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದರು. ಗುರಿಯಾದವರಲ್ಲಿ ವೃದ್ಧರೇ ಹೆಚ್ಚು.

ನಷ್ಟ ಯಾರದು?

ಲಾಟರಿಯ ಸುಳ್ಳು ದುರಾಸೆಯನ್ನು ಹಿಡಿದೆಳೆಯುತ್ತದೆ. ಬರಹಗಾರರಿಗೆ ಒಡ್ಡುವ ಬಲೆ ಹಿಡಿಯುವುದು ದುರಾಸೆಯನ್ನಲ್ಲ, ತನ್ನ ಬರಹವನ್ನು ಯಾರಾದರೂ ಮೆಚ್ಚಿಯಾರೇ ಎಂಬ ನ್ಯಾಯವಾದ ಹಂಬಲವನ್ನು. ಆದ್ದರಿಂದಲೇ ಅದರ ಪೆಟ್ಟು ಆಳವಾದುದು. ಸುಳ್ಳು ಬಯಲಾದಾಗ ಹಣದೊಡನೆ ಆ ಮೆಚ್ಚುಗೆಯೂ ಹೋಗುತ್ತದೆ. ‘ಬರೆಯುವ ಹುಚ್ಚಿಗೆ ದುಡ್ಡು ಕಳೆದರು’ ಎಂಬ ಮನೆಯವರ ಮಾತಿಗೆ ಅಂಜಿ ದೂರು ಕೊಡದೆ ಸುಮ್ಮನಾಗುವವರಿದ್ದಾರೆ. ಬರೆಯುವುದನ್ನೇ ಬಿಟ್ಟುಬಿಡುವ ಅಪಾಯವೂ ಇದೆ. ಇನ್ನೊಂದು ನಷ್ಟವೂ ಉಂಟು. ಒಮ್ಮೆ ಮೋಸಹೋದವರು ನಾಳೆ ನಿಜವಾದ ಸಂಪಾದಕರ ಪತ್ರ ಬಂದರೂ ಅನುಮಾನಿಸುತ್ತಾರೆ.

ಕಾನೂನು ಈ ಅಪರಾಧವನ್ನು ಗುರುತಿಸಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಕಂಪ್ಯೂಟರ್ ಅಥವಾ ಫೋನಿನ ಮೂಲಕ ಸೋಗುಹಾಕಿ ವಂಚಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮು ಸೋಗಿನ ವಂಚನೆಗೆ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಹಣ ಕಳೆದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಜಿಲ್ಲಾ ಕೇಂದ್ರಗಳ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಆದರೆ ಮೊದಲ ಕಾವಲು ಬರಹಗಾರರ ಕೈಯಲ್ಲೇ ಇದೆ. ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಅದೇ ಸಂದೇಶದ ಸತ್ಯವನ್ನು ವಿಚಾರಿಸುವುದರಲ್ಲಿ ಅರ್ಥವಿಲ್ಲ. ಆ ಪ್ರಕಾಶನದ ಪುಸ್ತಕವೊಂದನ್ನು ಗ್ರಂಥಾಲಯದಲ್ಲಿ ತೆರೆದು, ಅದರಲ್ಲಿ ಅಚ್ಚಾದ ವಿಳಾಸಕ್ಕೆ ಕೇಳಬೇಕು. ನಿಜವಾದ ಪ್ರಕಾಶಕರು ಎರಡು ದಿನ ಕಾಯುತ್ತಾರೆ, ಅವಸರವೆಲ್ಲ ವಂಚಕನದು. ಜನಮೇಜಯನ ಶಾಸನ ಕಂಡ ವಿದ್ವಾಂಸರು ಮಾಡಿದ್ದೂ ಇಷ್ಟೇ. ಕೊಟ್ಟವನ ಹೆಸರಿಗೆ ಬೆರಗಾಗಿ ನಿಲ್ಲದೆ, ಅದನ್ನು ಬರೆದ ಅಕ್ಷರ ಯಾವ ಕಾಲದ್ದೆಂದು ನೋಡಿದರು.