ವಯಸ್ಸಾದ ನಾಯಿಯ ತುರಿಕೆ: ಕಾರಣವರಿತು ಹತೋಟಿ ಮಾಡಿರಿ

ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಕುರಿ ಮೇಯಿಸುವವರಿಗೂ, ರೋಣ ಮತ್ತು ನರಗುಂದದ ಎರಿ ಹೊಲಗಳಲ್ಲಿ ವಸ್ತಿ ಇರುವ ಒಕ್ಕಲುಮಕ್ಕಳಿಗೂ ನಾಯಿ ಮನೆಯ ಒಬ್ಬ ಆಳು ಇದ್ದಂತೆ. ರಾತ್ರಿ ಕುರಿದೊಡ್ಡಿಯ ಹತ್ತಿರ ತೋಳ ಸುಳಿಯದಂತೆ ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಕಣದ ರಾಶಿ ಕಾಯುವುದು ಅದರ ಕೆಲಸ. ಮುಧೋಳ ಇಲ್ಲಿಂದ ದೂರವಿಲ್ಲದ ಕಾರಣ ಆ ತಳಿಯ ಬೇಟೆನಾಯಿಗಳನ್ನು, ಅವುಗಳ ಮಿಶ್ರತಳಿಗಳನ್ನು ಈ ಭಾಗದಲ್ಲಿ ಸಾಕುವವರೂ ಇದ್ದಾರೆ.

ಇಂಥ ನಾಯಿಗೆ ಎಂಟು ಒಂಬತ್ತು ವರ್ಷ ತುಂಬಿದ ಮೇಲೆ ಮೈ ಕೆರೆದುಕೊಳ್ಳುವುದು, ಕೂದಲು ಉದುರುವುದು, ಚರ್ಮ ಕಪ್ಪಾಗಿ ದಪ್ಪಗಾಗುವುದು ಆಗಾಗ ಕಂಡುಬರುತ್ತದೆ. 'ವಯಸ್ಸಾಯಿತು, ಇನ್ನೇನು' ಎಂದು ಕೆಲವರು ಕೈಬಿಡುತ್ತಾರೆ. ಕೆಲವರು ಸುಟ್ಟ ಎಂಜಿನ್ ಎಣ್ಣೆಯನ್ನೋ ಬೆಳೆಗೆ ಹೊಡೆಯುವ ಔಷಧವನ್ನೋ ಮೈಗೆ ಬಳಿಯುತ್ತಾರೆ. ಎರಡೂ ತಪ್ಪು. ತುರಿಕೆ ಎಂಬುದು ಒಂದು ರೋಗವಲ್ಲ. ಹಲವು ಕಾರಣಗಳಿಂದ ತೋರುವ ಒಂದು ಲಕ್ಷಣ. ಕಾರಣಗಳನ್ನು ಒಂದಾದ ಮೇಲೊಂದು ಕ್ರಮವಾಗಿ ಹುಡುಕಿದರೆ ಹೆಚ್ಚಿನ ನಾಯಿಗಳಿಗೆ ನೆಮ್ಮದಿ ದೊರೆಯುತ್ತದೆ.

ಕಾರಣಗಳು ಕೂಡಿಕೊಳ್ಳುವ ಬಗೆ

ಎತ್ತಿನ ಜೋಡಿ ಹತ್ತು ಚೀಲದ ಹೇರನ್ನು ಎಳೆದೀತು; ಹನ್ನೊಂದನೆಯ ಚೀಲಕ್ಕೆ ಚಕ್ಕಡಿ ನಿಂತುಬಿಡುತ್ತದೆ. ತುರಿಕೆಯೂ ಹೀಗೆಯೇ. ಸ್ವಲ್ಪ ಚಿಗಟ, ಸ್ವಲ್ಪ ಚರ್ಮದ ಸೋಂಕು, ಸ್ವಲ್ಪ ಅಲರ್ಜಿ ಒಂದೊಂದಾಗಿ ಇದ್ದರೆ ನಾಯಿ ತಾಳಿಕೊಳ್ಳುತ್ತದೆ. ಎಲ್ಲವೂ ಕೂಡಿದಾಗ ರಾತ್ರಿಯೆಲ್ಲ ಕೆರೆಯತೊಡಗುತ್ತದೆ. ಅಲರ್ಜಿಯನ್ನು ಬುಡಸಹಿತ ಕೀಳಲು ಬಾರದಿದ್ದರೂ ಚಿಗಟ ಮತ್ತು ಸೋಂಕಿನ ಹೇರನ್ನು ಇಳಿಸಿದರೆ ನಾಯಿ ಮತ್ತೆ ನಿದ್ದೆ ಮಾಡುತ್ತದೆ. ಆದ್ದರಿಂದ ಸುಲಭವಾಗಿ ತೆಗೆಯಬಹುದಾದ ಕಾರಣಗಳಿಂದಲೇ ಪ್ರಾರಂಭಿಸಬೇಕು.

ಮೊದಲು ಹುಡುಕಬೇಕಾದುದು ಚಿಗಟ, ಉಣ್ಣೆ, ನುಸಿ

1. ಚಿಗಟ: ಸೊಂಟದ ಹಿಂಭಾಗ, ಬಾಲದ ಬುಡ, ತೊಡೆಯ ಒಳಭಾಗಗಳಲ್ಲಿ ತುರಿಕೆ ಹೆಚ್ಚಾಗಿದ್ದರೆ ಚಿಗಟವೇ ಕಾರಣವೆಂದು ಮೊದಲು ಸಂಶಯಪಡಬೇಕು. ಹಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಪುಡಿಯ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟದ ಜೊಲ್ಲು ಒಗ್ಗದ ನಾಯಿಗೆ ಕೆಲವೇ ಕಡಿತಗಳು ಸಾಕು, ದಿನಗಟ್ಟಲೆ ತುರಿಕೆ ನಿಲ್ಲುವುದಿಲ್ಲ. ಆದಕಾರಣ ಮೈಮೇಲೆ ಚಿಗಟ ಕಾಣಲಿಲ್ಲವೆಂದು ಅದನ್ನು ಲೆಕ್ಕದಿಂದ ಬಿಡಬಾರದು.

ನಾಯಿಯ ಮೈಮೇಲೆ ಇರುವುದು ಬೆಳೆದ ಚಿಗಟಗಳು ಮಾತ್ರ. ತತ್ತಿ, ಮರಿಹುಳು, ಗೂಡುಕಟ್ಟಿದ ಕೋಶ ಇವೆಲ್ಲ ನಾಯಿ ಮಲಗುವ ಮಣ್ಣು, ಗೋಣಿತಟ್ಟು ಮತ್ತು ದೊಡ್ಡಿಯ ಕಸದಲ್ಲಿರುತ್ತವೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಬದುಕಿರಬಲ್ಲದು. ಆದ್ದರಿಂದ ಒಂದು ಸಲ ಔಷಧ ಹಾಕಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಮನೆಯ, ದೊಡ್ಡಿಯ ಎಲ್ಲ ನಾಯಿ ಬೆಕ್ಕುಗಳಿಗೂ ಏಕಕಾಲಕ್ಕೆ, ಕನಿಷ್ಠ ಮೂರು ತಿಂಗಳು ಬಿಡದೆ ಚಿಕಿತ್ಸೆ ಮಾಡಬೇಕು. ಆದರೆ ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಬಾರದು. ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಹಾಸಿಗೆಯ ತಟ್ಟುಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಮಲಗುವ ಜಾಗವನ್ನು ಗುಡಿಸಿ ಆ ಕಸವನ್ನು ಸುಡಬೇಕು.

2. ಉಣ್ಣೆ: ಕಿವಿಯ ಒಳಭಾಗ, ಕುತ್ತಿಗೆ ಮತ್ತು ಬೆರಳುಗಳ ಸಂದಿಯಲ್ಲಿ ದಿನಾಲೂ ನೋಡಬೇಕು. ಉಣ್ಣೆ ತುರಿಕೆಯನ್ನಷ್ಟೇ ಅಲ್ಲ, ರಕ್ತದ ರೋಗಗಳನ್ನೂ ತರುತ್ತದೆ. ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

3. ತುರಿಕಜ್ಜಿ: ಇದು ಕಣ್ಣಿಗೆ ಕಾಣದ ನುಸಿಯಿಂದ ಬರುವ ರೋಗ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಕೀಲು ಮತ್ತು ಹೊಟ್ಟೆಯ ಭಾಗದಲ್ಲಿ ಹಕ್ಕಳೆಗಟ್ಟಿ ತಡೆಯಲಾರದ ತುರಿಕೆ ಇರುತ್ತದೆ. ಕಿವಿಯ ಅಂಚನ್ನು ಬೆರಳಿನಿಂದ ಉಜ್ಜಿದರೆ ನಾಯಿ ಹಿಂಗಾಲು ಎತ್ತಿ ಗಾಳಿಯಲ್ಲೇ ಕೆರೆಯುತ್ತದೆ. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ. ನಾಯಿಯೊಡನೆ ಒಡನಾಡುವ ಮನೆಯವರ ಕೈ, ಹೊಟ್ಟೆಯ ಮೇಲೂ ತುರಿಸುವ ಗುಳ್ಳೆಗಳನ್ನು ಎಬ್ಬಿಸುತ್ತದೆ. ಮಕ್ಕಳು ಇಂಥ ನಾಯಿಯ ಹತ್ತಿರ ಮಲಗಬಾರದು.

4. ಡೆಮೊಡೆಕ್ಸ್ ನುಸಿ: ಇದು ಅಂಟುವುದಿಲ್ಲ. ಮುಖ ಮತ್ತು ಮುಂಗಾಲುಗಳಲ್ಲಿ ಕೂದಲು ಉದುರುತ್ತದೆ. ಸೋಂಕು ಸೇರುವವರೆಗೆ ತುರಿಕೆ ಕಡಿಮೆ. ಮುದಿ ನಾಯಿಯಲ್ಲಿ ಇದು ಹೊಸದಾಗಿ ಕಾಣಿಸಿಕೊಂಡರೆ ಮೈಯ ರೋಗನಿರೋಧಕ ಶಕ್ತಿ ಕುಗ್ಗಿದೆ, ಒಳಗೆ ಬೇರೆ ರೋಗವಿರಬಹುದು ಎಂದು ತಿಳಿಯಬೇಕು.

ಬಡಕಲು ಮೈಯ ಬೇಟೆನಾಯಿಗಳಿಗೆ ಮೊಣಕೈಯ ಎಲುಬು ಗಟ್ಟಿ ನೆಲಕ್ಕೆ ಒತ್ತಿ, ಅಲ್ಲಿ ಕೂದಲು ಹೋಗಿ ಚರ್ಮ ದಡ್ಡುಗಟ್ಟುವುದುಂಟು. ಇದು ಕಜ್ಜಿಯಲ್ಲ. ಮೆತ್ತನೆಯ ಹಾಸಿಗೆಯೇ ಇದಕ್ಕೆ ಔಷಧ.

ಕೆರೆದ ಗಾಯದಲ್ಲಿ ಸೋಂಕು

ಕೆರೆದು ಕೆರೆದು ಚರ್ಮ ಹರಿದಾಗ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಬೆಳೆಯುತ್ತವೆ. ಕೀವುಗುಳ್ಳೆ, ಜಿಡ್ಡು, ಕಮಟು ವಾಸನೆ ಮತ್ತು ಆನೆಯ ತೊಗಲಿನಂತೆ ದಪ್ಪವಾದ ಕಪ್ಪು ಚರ್ಮ ಇದರ ಗುರುತುಗಳು. ಸೋಂಕು ತಾನೇ ತುರಿಕೆಯನ್ನು ಹೆಚ್ಚಿಸುವುದರಿಂದ ಇದನ್ನು ವಾಸಿಮಾಡದೆ ಬೇರೆ ಯಾವ ಔಷಧವೂ ನಾಟುವುದಿಲ್ಲ. ದುಂಡಗೆ ಕೂದಲು ಉದುರಿ ಹೊಟ್ಟು ಏಳುತ್ತಿದ್ದರೆ ಹುಳುಕಡ್ಡಿ ಇರಬಹುದು. ಇದು ಮನುಷ್ಯರಿಗೂ ಅಂಟುತ್ತದೆ. ಮಳೆಗಾಲದಲ್ಲಿ ತೆರೆದ ಗಾಯದಲ್ಲಿ ಹುಳ ಬೀಳುತ್ತವೆ. ಅದಕ್ಕೆ ಪೆಟ್ರೋಲು, ಫಿನೈಲು ಸುರಿಯಬಾರದು. ಕಿವಿ ಸೋರಿ ವಾಸನೆ ಬರುತ್ತಿದ್ದರೆ ಎಣ್ಣೆ ಹಾಕಬಾರದು. ಒಳಗಿನ ತಮಟೆ ಹರಿದಿರುವ ಸಂಭವವುಂಟು.

ಅಲರ್ಜಿ ಎಂದರೇನು?

ಬೇರೆ ನಾಯಿಗಳಿಗೆ ಏನೂ ಮಾಡದ ಧೂಳು, ಪರಾಗ ಅಥವಾ ಆಹಾರವನ್ನು ಒಂದು ನಾಯಿಯ ಮೈ ವೈರಿಯೆಂದು ಬಗೆದು ಉರಿಯನ್ನು ಎಬ್ಬಿಸುವುದೇ ಅಲರ್ಜಿ. ಧೂಳು ಮತ್ತು ಪರಾಗದ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿನಿಂದ ಮೂರು ವರ್ಷದೊಳಗೆ ಪ್ರಾರಂಭವಾಗಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಪಾದ ನೆಕ್ಕುವುದು, ಮುಖ ಉಜ್ಜುವುದು, ಕಂಕುಳು, ಹೊಟ್ಟೆ, ಕಿವಿ ಕೆಂಪಾಗುವುದು ಇದರ ಲಕ್ಷಣ. ಎಂಟು ವರ್ಷ ಆರೋಗ್ಯದಿಂದಿದ್ದ ನಾಯಿಗೆ ಒಮ್ಮೆಲೇ ತುರಿಕೆ ಹತ್ತಿದರೆ ಅದು ಧೂಳಿನ ಅಲರ್ಜಿ ಆಗಿರುವ ಸಂಭವ ಕಡಿಮೆ. ಆಗ ಚಿಗಟ, ನುಸಿ, ಆಹಾರ ಮತ್ತು ಒಳರೋಗಗಳ ಕಡೆಗೆ ನೋಡಬೇಕು. ಈ ಒಂದು ಮಾತು ನೆನಪಿನಲ್ಲಿದ್ದರೆ ಎಷ್ಟೋ ಖರ್ಚು ಉಳಿಯುತ್ತದೆ.

ತುರಿಕೆ ಯಾವ ತಿಂಗಳಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಬರೆದಿಡುವುದು ಬಹಳ ಉಪಯುಕ್ತ. ವರ್ಷವಿಡೀ ಒಂದೇ ಸಮನೆ ಇದ್ದರೆ ಆಹಾರದ ಮೇಲೆ ಸಂಶಯಪಡಬೇಕು. ಮಳೆಯ ನಂತರ ಬದುವಿನ ಕಾಂಗ್ರೆಸ್ ಕಸ ಹೂಬಿಟ್ಟಾಗ ಏರಿದರೆ ಅಂಥ ಜಾಗದಲ್ಲಿ ನಾಯಿಯನ್ನು ಬಿಡಬಾರದು. ಹೊಲದಿಂದ ಬಂದೊಡನೆ ಕಾಲು ಮತ್ತು ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಹಿಟ್ಟು, ನುಚ್ಚುಗಳಲ್ಲಿ ಬೆಳೆಯುವ ನುಸಿಯೂ ಅಲರ್ಜಿಗೆ ಕಾರಣವಾಗುತ್ತದೆ. ಮುಗ್ಗಿದ ಹಿಟ್ಟನ್ನು 'ನಾಯಿಗೆ ಸಾಕು' ಎಂದು ಹಾಕಬಾರದು.

ಆಹಾರದ ಪರೀಕ್ಷೆ

ಆಹಾರದ ಅಲರ್ಜಿ ಯಾವ ವಯಸ್ಸಿನಲ್ಲಾದರೂ, ವರ್ಷಗಟ್ಟಲೆ ತಿಂದ ಪದಾರ್ಥದಿಂದಲೂ ಬರಬಹುದು. ಹಾಲು, ಕೋಳಿ, ದನದ ಮಾಂಸ, ಗೋಧಿ ಹೆಚ್ಚಾಗಿ ಕಾರಣವಾಗುವ ಪದಾರ್ಥಗಳು. ಇದನ್ನು ತಿಳಿಯುವ ನಂಬಿಕೆಯ ವಿಧಾನ ಒಂದೇ. ನಾಯಿ ಹಿಂದೆ ತಿನ್ನದ ಒಂದು ಧಾನ್ಯ ಅಥವಾ ಗಡ್ಡೆ ಮತ್ತು ಹಿಂದೆ ತಿನ್ನದ ಒಂದು ಮಾಂಸ ಪದಾರ್ಥವನ್ನು ಮಾತ್ರ 8 ವಾರ ಕೊಡಬೇಕು. ಉದಾಹರಣೆಗೆ, ಜೋಳದ ರೊಟ್ಟಿ, ಹಾಲು ಮತ್ತು ಕೋಳಿ ತಿಂದು ಬೆಳೆದ ನಾಯಿಗೆ ಬೇಯಿಸಿದ ಗೆಣಸು ಮತ್ತು ಮೀನು ಕೊಡಬಹುದು. ಈ ಅವಧಿಯಲ್ಲಿ ಬೇರೊಂದು ತುತ್ತೂ ಬಾಯಿಗೆ ಹೋಗಬಾರದು. ಊರು ಸುತ್ತುವ ನಾಯಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಕಟ್ಟಿಹಾಕಿ, ಮನೆಯ ಮಕ್ಕಳಿಗೂ ಹೇಳಿಡಬೇಕು. ತುರಿಕೆ ಇಳಿದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಕಾರಣ ಸಿಕ್ಕಂತಾಯಿತು.

ಪರೀಕ್ಷೆಯ ಮಾತು ಹೀಗಾದರೆ, ದಿನದ ಊಟದ ಮಾತು ಬೇರೆ. ಬರೀ ರೊಟ್ಟಿ ಮತ್ತು ತಿಳಿಸಾರಿನ ಮೇಲಿರುವ ನಾಯಿಗೆ ಸಸಾರಜನಕ ಮತ್ತು ಕೊಬ್ಬು ಸಾಲದೆ ಕೂದಲು ಒರಟಾಗುತ್ತದೆ. ನಮ್ಮ ಭಾಗದ ಅಗಸಿ ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ. ಆದರೆ ಉರಿ ತಗ್ಗಿಸುವುದರಲ್ಲಿ ಮೀನೆಣ್ಣೆಯೇ ಮೇಲು. ಅದರ ಗುಣ ಕಾಣಲು ಎರಡು ತಿಂಗಳಾದರೂ ಬೇಕು. ಉಳ್ಳಾಗಡ್ಡಿ ಬೆಳೆಯುವ ಈ ಸೀಮೆಯಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಾಗಿರಲಿ ಬೇಯಿಸಿದ್ದಿರಲಿ, ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಗ್ಗರಣೆಯ ಸಾರನ್ನು ಅದಕ್ಕೆ ಸುರಿಯಬೇಡಿರಿ.

ಚರ್ಮದಲ್ಲಿ ತೋರುವ ಒಳರೋಗ

ತುರಿಕೆ ಇಲ್ಲದೆ ಎರಡೂ ಪಕ್ಕೆಗಳಲ್ಲಿ ಒಂದೇ ತೆರನಾಗಿ ಕೂದಲು ಉದುರಿ, ನಾಯಿ ದಪ್ಪಗಾಗಿ, ಮಂಕಾಗಿ ಬಿಸಿಲು ಹುಡುಕುತ್ತಿದ್ದರೆ ಥೈರಾಯ್ಡ್ ಗ್ರಂಥಿ ಸೋತಿರಬಹುದು. ಬಹಳ ನೀರು ಕುಡಿದು ಬಹಳ ಉಚ್ಚೆ ಹೊಯ್ಯುತ್ತ, ಹೊಟ್ಟೆ ಜೋತು, ಚರ್ಮ ತೆಳುವಾಗಿದ್ದರೆ ಬೇರೊಂದು ಗ್ರಂಥಿಯ ತೊಂದರೆ ಇರಬಹುದು. ಇವು ರಕ್ತಪರೀಕ್ಷೆಯಿಂದ ತಿಳಿಯುತ್ತವೆ. ಮಾಯದ ಹುಣ್ಣು, ಬೆಳೆಯುವ ಗಂಟು ಅರ್ಬುದ ರೋಗವಿರಬಹುದಾದ್ದರಿಂದ ತೋರಿಸದೆ ಬಿಡಬಾರದು.

ಬೆಳೆಯ ಔಷಧ ನಾಯಿಗೆ ವಿಷ

ಹಿಂದೆ ಬಿ.ಎಚ್.ಸಿ. ಪುಡಿಯನ್ನು ನಾಯಿ, ಎಮ್ಮೆಗಳ ಮೈಗೆ ಉದುರಿಸುವ ರೂಢಿಯಿತ್ತು. 1997ರಲ್ಲಿ ಅದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಆದರೆ ರೂಢಿ ಹೋಗಿಲ್ಲ. ಈಗ ಹತ್ತಿ, ಮೆಣಸಿನಕಾಯಿ, ಕಡಲೆಗೆ ತಂದ ಔಷಧದ ಬಾಟಲಿಗೆ ಕೈ ಹೋಗುತ್ತದೆ. ಕ್ಲೋರೋಪೈರಿಫಾಸ್‌ನಂತಹ ಕೀಟನಾಶಕಗಳು ಚರ್ಮದ ಮೂಲಕವೂ, ನಾಯಿ ಮೈ ನೆಕ್ಕಿಕೊಂಡಾಗ ಬಾಯಿಯ ಮೂಲಕವೂ ಒಳಸೇರುತ್ತವೆ. ಕೆರೆದು ಹರಿದ ಚರ್ಮದಲ್ಲಿ ಇನ್ನೂ ಬೇಗ ಇಳಿಯುತ್ತವೆ. ಜೊಲ್ಲು ಸುರಿಯುವುದು, ನಡುಕ, ಉಸಿರುಗಟ್ಟುವುದು, ಸೆಳವು ವಿಷದ ಲಕ್ಷಣಗಳು. ಆಗ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸಾಬೂನು ಮತ್ತು ಧಾರಾಳ ನೀರಿನಿಂದ ಮೈ ತೊಳೆದು, ಔಷಧದ ಬಾಟಲಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕುರಿಗೆ ತಂದ ಐವರ್ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನಿಂದ ನಾಯಿಗೆ ಚುಚ್ಚುವುದೂ ಪ್ರಾಣಕ್ಕೆ ಅಪಾಯ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳನ್ನು ಕೊಡಲೇಬಾರದು.

ಒಂದೇ ಸೂಜಿಯಲ್ಲಿ ಗುಣವೆಂಬ ನಂಬಿಕೆ

ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನದಲ್ಲೇ ತುರಿಕೆ ನಿಲ್ಲುತ್ತದೆ. ಆದಕಾರಣ ರೋಗ ಹೋಯಿತೆಂದು ತಿಳಿದು, ತುರಿಕೆ ಮರಳಿದಾಗಲೆಲ್ಲ ಅದನ್ನೇ ಕೇಳುವವರಿದ್ದಾರೆ. ಅದು ಉರಿಯನ್ನು ಅಡಗಿಸುತ್ತದೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ. ನುಸಿ, ಸೋಂಕು ಇದ್ದರೆ ಅವು ಒಳಗೊಳಗೇ ಬೆಳೆಯುತ್ತವೆ. ಬಹುಕಾಲ ಕೊಟ್ಟರೆ ಚರ್ಮ ತೆಳುವಾಗುತ್ತದೆ, ಸಿಹಿಮೂತ್ರ ರೋಗ ಬರಬಹುದು. ವೈದ್ಯರು ಕೊಟ್ಟಾಗ ಹೇಳಿದ ಅಳತೆಯಲ್ಲೇ ಕೊಟ್ಟು, ನಿಲ್ಲಿಸುವಾಗ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಡಬಾರದು.

ಈಗ ಚಿಗಟ, ಉಣ್ಣೆ, ನುಸಿ ಮೂರಕ್ಕೂ ನಾಟುವ ನುಂಗುವ ಗುಳಿಗೆಗಳು ಬಂದಿವೆ. ನಾಯಿಗೆ ಹಿಂದೆ ಸೆಳವು ಬಂದಿದ್ದರೆ ಮೊದಲೇ ತಿಳಿಸಬೇಕು. ಅಲರ್ಜಿಯ ತುರಿಕೆಗೆ ಸ್ಟೀರಾಯ್ಡ್ ಅಲ್ಲದ ಗುಳಿಗೆಗಳೂ ಇವೆ. ಮುದಿ ನಾಯಿಯ ಮೂತ್ರಪಿಂಡ, ಯಕೃತ್ತು ನೋಡಿಯೇ ವೈದ್ಯರು ಆರಿಸಬೇಕು.

ದಿನನಿತ್ಯದ ಆರೈಕೆ

• ತುರಿಕೆ ಇರುವಾಗ ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಿಂದ ಮೈ ತೊಳೆಯಿರಿ. ವೈದ್ಯರು ಹೇಳಿದ ಶಾಂಪೂವನ್ನು 10 ನಿಮಿಷ ಮೈಮೇಲೆ ಬಿಟ್ಟು ಪೂರ್ತಿ ತೊಳೆಯಿರಿ. ಬಟ್ಟೆ ಸಾಬೂನು ಬೇಡ.
• ಬೇವಿನೆಲೆಯ ಕಷಾಯದಿಂದ ಮೈ ತೊಳೆದರೆ ಹಾನಿಯಿಲ್ಲ. ಆದರೆ ಅದರಿಂದಲೇ ಕಜ್ಜಿ ವಾಸಿಯಾಗುವುದೆಂದು ಕಾಯಬೇಡಿರಿ.
• ಕೀಲು ಬಿಗಿದ ಮುದಿ ನಾಯಿ ತನ್ನ ಬೆನ್ನನ್ನು ತಾನು ನೆಕ್ಕಿಕೊಳ್ಳಲಾರದು. ದಿನಕ್ಕೊಮ್ಮೆ ಬಾಚಿ, ಕಾಲುಗುರು ಕತ್ತರಿಸಿರಿ.
• ಒಣಗಿದ, ನೆರಳಿರುವ ಜಾಗದಲ್ಲಿ ಮೆತ್ತನೆಯ ಹಾಸಿಗೆ ಕೊಡಿರಿ.

ಪಶುವೈದ್ಯರಲ್ಲಿಗೆ ಹೋಗುವಾಗ

ಔಷಧದ ಅಳತೆ ತೂಕದ ಮೇಲೆ ನಿಲ್ಲುತ್ತದೆ. ನಾಯಿಯನ್ನು ಎತ್ತಿಕೊಂಡು ಕಾಳು ತೂಗುವ ಕಾಟಾದ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆದರೆ ನಾಯಿಯ ತೂಕ ಸಿಗುತ್ತದೆ. ತುರಿಕೆ ಪ್ರಾರಂಭವಾದ ತಿಂಗಳು, ಮೈಯ ಯಾವ ಭಾಗ, ಏನು ತಿನ್ನುತ್ತದೆ, ಏನೇನು ಔಷಧ ಹಾಕಿದ್ದೀರಿ, ಮನೆಯವರಿಗೂ ತುರಿಕೆ ಇದೆಯೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿರಿ. ಒಂದು ಸಲ ನುಸಿ ಕಾಣದಿದ್ದರೂ ರೋಗವಿಲ್ಲವೆಂದಲ್ಲ. ತಳಿಯ ನಾಯಿ ಸಾಕುವವರಿಗೆ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಅಲರ್ಜಿಯುಳ್ಳ ನಾಯಿ ಪೂರ್ತಿ ಗುಣವಾಗದಿರಬಹುದು. ಆದರೆ ಕಳೆ ತೆಗೆದಷ್ಟೇ ಸಲ ಬೆಳೆ ಚೆನ್ನಾಗಿ ಬರುವಂತೆ, ಬಿಡದೆ ಮಾಡುವ ಆರೈಕೆಯಿಂದ ಅದು ಉಳಿದ ವರ್ಷಗಳನ್ನು ಸುಖವಾಗಿ ಕಳೆಯುತ್ತದೆ. ಹತ್ತು ವರ್ಷ ನಮ್ಮ ಹಿಂಡು ಕಾಯ್ದ ಪ್ರಾಣಿಗೆ ರಾತ್ರಿ ಕಣ್ತುಂಬ ನಿದ್ದೆ ದೊರಕಿಸಿಕೊಡುವುದು ನಮ್ಮ ಮೇಲಿನ ಋಣವೇ ಸರಿ.