ಹಾಸ್ಟೆಲ್ ಕಾದಂಬರಿ ಮತ್ತು 2018ರ ಮಳೆ: ಒಂದೇ ಪುಸ್ತಕ ಇಬ್ಬರಿಗೆ ಎರಡು ಥರ ಕಾಣೋದ್ಯಾಕೆ?

ಮಡಿಕೇರಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ, ರೆಕಾರ್ಡ್ ಮಾಡ್ತಿರೋ ರೂಮಿಗೆ ಶೀಟಿನ ಮಾಡು. ಕಳೆದ ಸಲ ಕಾಫಿ ರೇಟಿನ ಬಗ್ಗೆ ಮಾತಾಡಿದ್ವಿ. ಇವತ್ತು ಒಂದು ಪುಸ್ತಕದ ವಿಷಯ. ಕೊನೆಯಲ್ಲಿ ಏನಾಗುತ್ತೆ ಅನ್ನೋದನ್ನೂ ಹೇಳ್ತೀನಿ. ಓದಬೇಕು ಅಂದ್ಕೊಂಡಿದ್ರೆ, ಓದಿ ಆಮೇಲೆ ಕೇಳಿ.

ಪುಸ್ತಕ ಜಾನ್ ಗ್ರೀನ್ ಬರೆದ ‘ಲುಕಿಂಗ್ ಫಾರ್ ಅಲಾಸ್ಕಾ’. 2005ರಲ್ಲಿ ಬಂತು, 2006ರಲ್ಲಿ ಪ್ರಿಂಟ್ಜ್ ಪ್ರಶಸ್ತಿ ಸಿಕ್ತು. ಸಿಗರೇಟು, ಕುಡಿತ, ಸೆಕ್ಸ್ ವಿಚಾರ ಇದೆ ಅಂತ ಅಮೆರಿಕದಲ್ಲಿ ಇದನ್ನ ಶಾಲಾ ಲೈಬ್ರರಿಗಳಿಂದ ತೆಗೆಸೋ ಪ್ರಯತ್ನಗಳೂ ಆದ್ವು. ಅಲ್ಲಿನ ಲೈಬ್ರರಿ ಸಂಘದ 2015ರ ಪಟ್ಟಿಯಲ್ಲಿ, ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕ ಇದೇ.

ಕಥೆ ನಡೆಯೋದು ಅಲಬಾಮಾದ ಒಂದು ವಸತಿ ಶಾಲೆಯಲ್ಲಿ. ಮೈಲ್ಸ್ ಅನ್ನೋ ಹುಡುಗ ಫ್ಲೋರಿಡಾದಿಂದ ಬಂದು ಸೇರ್ಕೋತಾನೆ. ರೂಮ್‌ಮೇಟ್ ಬಡವ, ಸ್ಕಾಲರ್‌ಶಿಪ್‌ನಲ್ಲಿ ಓದ್ತಿರೋನು, ಎಲ್ಲರೂ ಅವನನ್ನ ‘ಕರ್ನಲ್’ ಅಂತಾರೆ. ಅವರಿಬ್ಬರ ಗೆಳತಿ ಅಲಾಸ್ಕಾ. ಒಂದು ರಾತ್ರಿ ಅವಳು ಕುಡಿದಿರ್ತಾಳೆ, ಅಳ್ತಾ ಬಂದು ‘ನಾನು ಹೊರಗೆ ಹೋಗ್ಲೇಬೇಕು’ ಅಂತಾಳೆ. ಹುಡುಗರಿಬ್ಬರೂ ಪಟಾಕಿ ಹೊಡೆದು ವಾರ್ಡನ್ ಗಮನ ತಪ್ಪಿಸಿ ಅವಳ ಕಾರಿಗೆ ದಾರಿ ಮಾಡಿಕೊಡ್ತಾರೆ. ಬೆಳಗಾಗೋದ್ರೊಳಗೆ ಅಪಘಾತದಲ್ಲಿ ಅಲಾಸ್ಕಾ ತೀರಿಕೊಂಡಿರ್ತಾಳೆ. ಬೇಕಂತಲೇ ಮಾಡಿಕೊಂಡಳಾ, ಆಗಿಹೋಯ್ತಾ? ಗೊತ್ತಾಗಲ್ಲ.

ನಾನು ಇದನ್ನ ಡಿಗ್ರಿ ಓದ್ತಿದ್ದಾಗ ಓದಿದ್ದೆ. ಒಳ್ಳೆ ಹಾಸ್ಟೆಲ್ ಕಥೆ ಅನ್ನಿಸ್ತು, ಅಷ್ಟೇ. ಈ ವರ್ಷ ಪಿಯುಸಿಯಲ್ಲಿರೋ ನನ್ನ ಚಿಕ್ಕಪ್ಪನ ಮಗಳಿಗೆ ಕೊಟ್ಟೆ. ಅವಳೂ ಹಾಸ್ಟೆಲ್‌ನಲ್ಲಿದ್ದಾಳೆ. ಅಲ್ಲಿ ಮೊಬೈಲ್ ಬಿಡಲ್ಲ, ಅದಕ್ಕೆ ಅನಿಸಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರೆದಿಡು ಅಂದಿದ್ದೆ. ಇಲ್ಲಿ ಹೇಳ್ತಿರೋದು ಅವಳು ಒಪ್ಪಿದ ಮೇಲೆ.

ಮೊದಲ ಪುಟಗಳೆಲ್ಲ ಹೋಲಿಕೆ. ಕಾದಂಬರಿಯಲ್ಲಿ ವಾರಪೂರ್ತಿ ಇದ್ದು ಶನಿವಾರ, ಭಾನುವಾರ ದೊಡ್ಡ ಮನೆಗಳಿಗೆ ಹೋಗೋ ಶ್ರೀಮಂತ ಹುಡುಗರ ಗುಂಪು ಬರುತ್ತೆ. ಪಕ್ಕದಲ್ಲಿ ಇವಳು ಬರೆದಿದ್ದು: ‘ಪುತ್ತರಿಗೆ ನಮ್ಮಲ್ಲೂ ಕೆಲವರನ್ನ ಕರ್ಕೊಂಡು ಹೋಗೋಕೆ ಜೀಪ್ ಬರುತ್ತೆ. ಲೈನ್‌ಮನೆಯಿಂದ ಬಂದವರು ಬಸ್‌ಸ್ಟ್ಯಾಂಡಿಗೆ ನಡೀತಾರೆ.’ ಇಂಥದ್ದು ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ಸ್ವಲ್ಪ ಥಿಯರಿ. ಲೂಯಿಸ್ ರೋಸೆನ್‌ಬ್ಲಾಟ್ ಅನ್ನೋ ಅಮೆರಿಕದ ಪ್ರಾಧ್ಯಾಪಕಿ 1938ರಲ್ಲೇ ಒಂದು ವಾದ ಮುಂದಿಟ್ರು. ಅರ್ಥ ಅನ್ನೋದು ಪುಸ್ತಕದೊಳಗೆ ರೆಡಿಯಾಗಿ ಕೂತಿರಲ್ಲ, ಓದುಗರ ಅನುಭವ ಮತ್ತು ಪುಟದ ಮೇಲಿನ ಅಕ್ಷರ ಸೇರಿದಾಗ ಹುಟ್ಟುತ್ತೆ ಅಂತ. ಇದಕ್ಕೆ ಅವರು ಆಮೇಲೆ ಬಳಸಿದ ಪದ ‘ಟ್ರಾನ್ಸಾಕ್ಷನ್’. ಬಿ.ಕಾಂ. ಓದಿದವನಿಗೆ ಇದು ಬೇಗ ಅರ್ಥ ಆಗುತ್ತೆ. ವ್ಯವಹಾರಕ್ಕೆ ಎರಡು ಕಡೆ ಬೇಕು. ನನ್ನ ಕಡೆಯಿಂದ ಹಾಕೋಕೆ ಏನೂ ಇಲ್ಲದಿದ್ರೆ ಪುಸ್ತಕದಿಂದ ಬರೋದೂ ಕಮ್ಮಿ. ಹಾಗಂತ ಏನು ಬೇಕಾದ್ರೂ ಅರ್ಥ ಮಾಡ್ಕೋಬಹುದು ಅಂತಲ್ಲ. ಪುಟದಲ್ಲಿ ಇರೋದಕ್ಕೆ ಅದು ತಾಳೆ ಆಗ್ಬೇಕು.

ಇವಳ ಕಡೆಯಿಂದ ಬಂದಿದ್ದೇನು ಅಂತ ನೋಟ್‌ಬುಕ್ಕಿನ ಮಧ್ಯದಲ್ಲಿ ಗೊತ್ತಾಯ್ತು.

ಈ ಕಾದಂಬರಿಯ ಅಧ್ಯಾಯಗಳಿಗೆ ಹೆಸರಿಲ್ಲ, ದಿನಗಳ ಲೆಕ್ಕ ಇದೆ. 136 ದಿನ ಮೊದಲು ಅಂತ ಶುರುವಾಗಿ, 136 ದಿನ ಆಮೇಲೆ ಅಂತ ಮುಗಿಯುತ್ತೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜನ ಕಾಲವನ್ನೇ ‘ಅದಕ್ಕೆ ಮೊದಲು’, ‘ಅದಾದ ಮೇಲೆ’ ಅಂತ ಒಡೆದು ಮಾತಾಡಿದ್ದರಿಂದ ಈ ರೂಪ ಹೊಳೀತು ಅಂತ ಗ್ರೀನ್ ಹೇಳಿದ್ದಾರೆ. ಇವಳು ಒಂದೇ ಸಾಲು ಬರೆದಿದ್ದಳು: ‘ನಮ್ಮ ಮನೇಲೂ ಹೀಗೇ ಮಾತಾಡೋದು.’

ಕೊಡಗಿನ ಹೊರಗೆ ಇರೋರಿಗೆ ಹೇಳ್ಬೇಕು. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದ್ವು. ತೋಟ, ಗದ್ದೆ, ಮನೆ ಎಲ್ಲ ಮಣ್ಣಿನ ಜೊತೆ ಹೋಯ್ತು. ಜನ ಉಟ್ಟ ಬಟ್ಟೇಲಿ ಪರಿಹಾರ ಕೇಂದ್ರಗಳಿಗೆ ಬಂದ್ರು. ಮನೆ ಕಳ್ಕೊಂಡ ಎಷ್ಟೋ ಕುಟುಂಬಗಳಿಗೆ ಆಮೇಲೆ ಜಂಬೂರು, ಮದೆನಾಡಿನಂಥ ಕಡೆ ಸರ್ಕಾರ ಮನೆ ಕಟ್ಟಿಕೊಡ್ತು. ಚಿಕ್ಕಪ್ಪನ ಮನೆಯೂ ಹೋಯ್ತು. ಇವಳಿಗೆ ಆಗ ಒಂಬತ್ತು ವರ್ಷ. ನಮ್ಮನೇಲಿ ಇವತ್ತಿಗೂ ಮದುವೆ, ಸಾವು, ಕರು ಹಾಕಿದ್ದು, ಎಲ್ಲದಕ್ಕೂ ‘ಮಣ್ಣು ಬರೋ ಮೊದಲಾ, ಆಮೇಲಾ?’ ಅಂತ ಕೇಳ್ತಾರೆ.

ಕಾದಂಬರಿಯಲ್ಲಿ ಅಲಾಸ್ಕಾಗೆ ಎಂಟು ವರ್ಷ ಇದ್ದಾಗ ಅವಳ ಕಣ್ಣೆದುರೇ ತಾಯಿ ಕುಸಿದು ಬೀಳ್ತಾಳೆ. ಮಗು ಹೆದರಿ ಕೂತುಬಿಡುತ್ತೆ, ಯಾರಿಗೂ ಫೋನ್ ಮಾಡಲ್ಲ. ತಾಯಿ ಸಾಯ್ತಾಳೆ. ಆ ಪುಟದ ಪಕ್ಕ ಇವಳು ಬರೆದಿದ್ದನ್ನ ಓದ್ತೀನಿ: ‘ಆವತ್ತು ಸಂಜೆ ನಾಯಿ ಕಟ್ಟಿದ್ದು ನಾನು. ಹೊರಡುವಾಗ ಬಿಚ್ಚಬೇಕು ಅಂತ ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು. ಹೇಳೋಕೆ ಭಯ ಆಯ್ತು.’

ನಾನು ಆಗ ಮೈಸೂರಲ್ಲಿ ಬಿ.ಕಾಂ. ಓದ್ತಿದ್ದೆ. ಪರಿಹಾರ ಕೇಂದ್ರಕ್ಕೆ ನೋಡೋಕೆ ಹೋದಾಗ ಇವಳು ಕೇಳಿದ್ದಳು, ‘ಅಣ್ಣ, ನಾಯಿ ಏನಾಗಿರುತ್ತೆ?’ ‘ಹಗ್ಗ ಕಿತ್ಕೊಂಡು ಓಡಿರುತ್ತೆ ಬಿಡು’ ಅಂದೆ. ನನಗೇನೂ ಗೊತ್ತಿರಲಿಲ್ಲ. ಸಮಾಧಾನ ಮಾಡಿದೆ ಅಂದ್ಕೊಂಡಿದ್ದೆ. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ನಾನು ಬಾಗಿಲು ಹಾಕಿಬಿಟ್ಟಿದ್ದೆ ಅಂತ ಈಗ ಗೊತ್ತಾಗ್ತಿದೆ.

ಕಾದಂಬರಿಯಲ್ಲಿ ಹುಡುಗರು ಅಪಘಾತದ ಬಗ್ಗೆ ತನಿಖೆ ಮಾಡಿಮಾಡಿ ಸೋಲ್ತಾರೆ. ಉತ್ತರ ಸಿಗಲ್ಲ, ಆದ್ರೂ ಬದುಕೋದು ಹೇಗೆ ಅಂತ ಹುಡುಕಬೇಕಾಗುತ್ತೆ. ಕೊನೆ ಪುಟದಲ್ಲಿ ಇವಳು ಬರೆದಿದ್ದು: ‘ಇವರಿಗೂ ಗೊತ್ತಾಗಲಿಲ್ಲ. ಆದ್ರೆ ಇವರು ಒಬ್ಬರಿಗೊಬ್ಬರು ಹೇಳ್ಕೊಂಡ್ರು.’

ಮಕ್ಕಳು ಪುಸ್ತಕ ಓದಿದ ಮೇಲೆ ನಾವು ಸಾಮಾನ್ಯವಾಗಿ ಕೇಳೋದು ‘ನೀತಿ ಏನು?’ ಅಂತ. ‘ಓದ್ತಾ ನಿನಗೆ ಏನು ನೆನಪಾಯ್ತು?’ ಅಂತ ಕೇಳಿ ನೋಡಿ. ಉತ್ತರ ಬಂದ್ರೆ ಸಮಾಧಾನ ಹೇಳೋಕೆ ಅವಸರ ಮಾಡ್ಬೇಡಿ.

ಮೊನ್ನೆ ಭಾನುವಾರ ಹಾಸ್ಟೆಲ್‌ಗೆ ಹೋಗಿದ್ದೆ. ‘ಆವತ್ತು ನಾನು ಹೇಳಿದ್ದು ಸುಳ್ಳು ಕಣೇ, ನನಗೆ ಗೊತ್ತಿರಲಿಲ್ಲ’ ಅಂದೆ. ‘ಗೊತ್ತಿತ್ತು ಅಣ್ಣ’ ಅಂದಳು. ಆಮೇಲೆ ವಿಸಿಟಿಂಗ್ ಟೈಮ್ ಮುಗಿಯೋವರೆಗೂ ಆ ನಾಯಿ ಬಗ್ಗೇನೇ ಮಾತಾಡಿದ್ವಿ.

ಮುಂದಿನ ವಾರ ಮತ್ತೆ ಕಾಫಿ ಲೆಕ್ಕಕ್ಕೆ ಬರೋಣ.