ಓಡುವ ಗೋಡೆಯ ಮೇಲಿನ ಚಿತ್ರಗಳು

ಬೆಂಗಳೂರಿನವರಿಗೆ ಸಬ್‌ವೇ ಎಂದರೆ ರಸ್ತೆ ದಾಟಲು ನೆಲದಡಿಯಲ್ಲಿ ಮಾಡಿದ ದಾರಿ. ನ್ಯೂಯಾರ್ಕಿನಲ್ಲಿ ಅದೇ ಮಾತು ನಗರದ ರೈಲಿಗೆ ಸಲ್ಲುತ್ತದೆ. ಹೆಸರಿಗೆ ನೆಲದಡಿಯ ರೈಲಾದರೂ ಬ್ರಾಂಕ್ಸ್, ಬ್ರೂಕ್ಲಿನ್ ಬಡಾವಣೆಗಳಲ್ಲಿ ಅದು ಬಹಳ ದೂರ ಕಬ್ಬಿಣದ ಕಂಬಗಳ ಮೇಲೆ, ಮಹಡಿ ಮನೆಗಳ ಕಿಟಕಿಗಳ ಮಟ್ಟದಲ್ಲಿ, ಬಯಲ ಬಿಸಿಲಿನಲ್ಲಿ ಓಡುತ್ತದೆ. ಆ ಬಿಸಿಲು ಇರದಿದ್ದರೆ ಇಪ್ಪತ್ತನೆಯ ಶತಮಾನದ ಒಂದು ವಿಚಿತ್ರ ಕಲೆಯ ದಾಖಲೆ ಇಷ್ಟು ಚೆನ್ನಾಗಿ ಉಳಿಯುತ್ತಿರಲಿಲ್ಲ.

ಆ ಕಲೆಗೆ ಗ್ರಾಫಿಟಿ ಎಂದು ಹೆಸರು. 1971ರ ಜುಲೈಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ‘ಟಾಕಿ 183’ ಎಂಬ ಬರಹದ ಒಗಟನ್ನು ಬಿಡಿಸಿತು. ಊರಿನ ಗೋಡೆ, ಕಂಬ, ರೈಲುನಿಲ್ದಾಣಗಳಲ್ಲೆಲ್ಲ ಕಾಣುತ್ತಿದ್ದ ಈ ಬರಹ ಒಬ್ಬ ಹುಡುಗನದು. ಟಾಕಿ ಅವನ ಅಡ್ಡಹೆಸರು, 183 ಅವನ ಬೀದಿಯ ಸಂಖ್ಯೆ. ಕಾಗದಪತ್ರ ತಲುಪಿಸುವ ಕೆಲಸಕ್ಕೆ ಊರೆಲ್ಲ ತಿರುಗುತ್ತಿದ್ದವನು ಹೋದಲ್ಲೆಲ್ಲ ಹೆಸರು ಗೀಚುತ್ತಿದ್ದ. ವರದಿ ಬಂದ ಮೇಲೆ ನೂರಾರು ಹುಡುಗರಿಗೆ ಅದೇ ಹುಚ್ಚು ಹಿಡಿಯಿತು. ಎಲ್ಲರೂ ಬರೆದಾಗ ಒಬ್ಬನ ಹೆಸರು ಎದ್ದು ಕಾಣುವುದು ಹೇಗೆ? ಅಕ್ಷರಗಳು ದೊಡ್ಡವಾದವು, ಉಬ್ಬಿದವು, ಬಳ್ಳಿಗಳಂತೆ ಹೆಣೆದುಕೊಂಡವು. ಕೊನೆಗೆ ಐವತ್ತು ಅಡಿಗೂ ಉದ್ದದ ಇಡೀ ಬೋಗಿಯೇ ಒಂದು ಹೆಸರಿನ ಚಿತ್ರವಾಯಿತು. ರಾತ್ರಿ ರೈಲು ನಿಲ್ಲಿಸುವ ಅಂಗಳಕ್ಕೆ ಕದ್ದು ನುಗ್ಗಿ, ಸ್ಪ್ರೇ ಡಬ್ಬಿಗಳಿಂದ ಬಣ್ಣ ಹಾಕುತ್ತಿದ್ದರು. ತಮ್ಮನ್ನು ಅವರು ಚಿತ್ರಕಾರರೆಂದಲ್ಲ, ‘ರೈಟರ್’ ಎಂದು ಕರೆದುಕೊಂಡರು. ಅಂದರೆ ಬರೆಯುವವರು.

ನಗರಕ್ಕೆ ಇದು ಪಿಡುಗಾಗಿ ಕಂಡಿತು. ಬೋಗಿಯ ಒಳಗೆ ಕಿಟಕಿ, ಮಾರ್ಗದ ನಕ್ಷೆ ಎಲ್ಲವೂ ಗೀಚಿನಲ್ಲಿ ಮುಚ್ಚಿಹೋಗಿ ಪ್ರಯಾಣಿಕರಿಗೆ ಮುಂದಿನ ನಿಲ್ದಾಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ಇಂಥ ರೈಲಿನಲ್ಲಿ ಕುಳಿತವನಿಗೆ ತಾನು ಯಾರ ಹತೋಟಿಯೂ ಇಲ್ಲದ ಜಾಗದಲ್ಲಿದ್ದೇನೆ ಎಂಬ ಭಯ ಹುಟ್ಟುತ್ತದೆ ಎಂದು ಸಮಾಜಶಾಸ್ತ್ರಜ್ಞ ನೇಥನ್ ಗ್ಲೇಜರ್ 1979ರಲ್ಲಿ ವಾದಿಸಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೇಯರ್ ಜಾನ್ ಲಿಂಡ್ಸೆ 1972ರಲ್ಲೇ ಗ್ರಾಫಿಟಿಯ ಮೇಲೆ ಸಮರ ಸಾರಿದ್ದರು. ಮುಂದೆ ರಾಸಾಯನಿಕ ಹಾಕಿ ಬೋಗಿ ತೊಳೆಯುವ ಯಂತ್ರ ಬಂತು. 1981ರ ಹೊತ್ತಿಗೆ, ಎಡ್ ಕಾಚ್ ಮೇಯರಾಗಿದ್ದಾಗ, ರೈಲಿನ ಅಂಗಳಗಳಿಗೆ ಅಲಗಿನಂಥ ಮುಳ್ಳುತಂತಿಯ ಬೇಲಿಯೂ ಕಾವಲು ನಾಯಿಗಳೂ ಬಂದವು.

ರಾತ್ರಿಯೆಲ್ಲ ಬರೆದ ಚಿತ್ರಕ್ಕೆ ಆಯುಸ್ಸು ಕೆಲವೊಮ್ಮೆ ಒಂದೇ ದಿನ. ಮನೆಯ ಮುಂದಿನ ರಂಗೋಲಿಯಂತೆಯೇ ಎನ್ನಬಹುದು, ಆದರೆ ರಂಗೋಲಿ ಹಾಕಿದವರನ್ನು ಹಿಡಿಯಲು ಪೊಲೀಸರು ಬರುವುದಿಲ್ಲ.

ಈ ಹೊತ್ತಿಗೆ ಕ್ಯಾಮರಾ ಹಿಡಿದು ಬಂದವರು ಇಬ್ಬರು. ಹೆನ್ರಿ ಚಾಲ್ಫಂಟ್ ಮೂಲತಃ ಶಿಲ್ಪಿ. ಅವರಿಗೆ ಇಡೀ ಬೋಗಿ ಒಂದೇ ಚಿತ್ರದಲ್ಲಿ ನೇರವಾಗಿ ಕಾಣಬೇಕಿತ್ತು. ಆದರೆ ಎದುರಿನ ಪ್ಲಾಟ್‌ಫಾರಂನಿಂದ ರೈಲಿಗೆ ಇರುವ ಅಂತರ ಹಳಿಗಳ ಅಗಲದಷ್ಟೇ. ಅಲ್ಲಿಂದ ಒಂದೇ ಸಲಕ್ಕೆ ಬೋಗಿಯೆಲ್ಲ ಚೌಕಟ್ಟಿನೊಳಗೆ ಬರುವುದಿಲ್ಲ. ಬರಿಸಿದರೆ ಅಂಚುಗಳು ಸೊಟ್ಟಗಾಗುತ್ತವೆ. ಆದ್ದರಿಂದ ರೈಲು ನಿಂತಿರುವ ಅರೆಗಳಿಗೆಯಲ್ಲೇ ಅವರು ಪಕ್ಕಕ್ಕೆ ಸರಿಯುತ್ತಾ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಲವು ಚಿತ್ರ ತೆಗೆಯುತ್ತಿದ್ದರು. ಆಮೇಲೆ ಮುದ್ರಿಸಿ, ಕತ್ತರಿಸಿ, ಸೇರಿಸಿ ಅಂಟಿಸಿದರೆ ಉದ್ದನೆಯ ಪಟ್ಟಿಯಲ್ಲಿ ಇಡೀ ಬೋಗಿ ಎದ್ದುಬರುತ್ತಿತ್ತು.

ಮಾರ್ತಾ ಕೂಪರ್ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯ ಛಾಯಾಗ್ರಾಹಕಿ. ದಿನದ ಕೆಲಸ ಮುಗಿಸಿ ಹಿಂತಿರುಗುವಾಗ ಬಡವರ ಕೇರಿಗಳಲ್ಲಿ ಆಡುವ ಮಕ್ಕಳ ಚಿತ್ರ ತೆಗೆಯುವುದು ಅವರ ರೂಢಿ. ಒಮ್ಮೆ ಒಬ್ಬ ಹುಡುಗ ತನ್ನ ನೋಟ್‌ಪುಸ್ತಕ ತೆರೆದು ತೋರಿಸಿದ. ಗೋಡೆಯ ಮೇಲೆ ಬರೆಯಲು ಹಾಕಿಕೊಂಡ ನಕಾಶೆಗಳು ಅದರಲ್ಲಿದ್ದವು. ಗೋಡೆಗಳ ಮೇಲಿನ ಅರ್ಥವಾಗದ ಗೀಚೆಲ್ಲ ಹೆಸರುಗಳು, ಪ್ರತಿಯೊಂದರ ಹಿಂದೆ ಅಭ್ಯಾಸವಿದೆ ಎಂದು ಅವರಿಗೆ ಹೊಳೆದದ್ದು ಆಗಲೇ. ಆ ಹುಡುಗನ ಮೂಲಕ ಡೋಂಡಿ ಎಂಬ ಹೆಸರಾಂತ ರೈಟರನ ಪರಿಚಯವಾಯಿತು. 1980ರಲ್ಲಿ ಡೋಂಡಿ ರೈಲಿನ ಅಂಗಳದಲ್ಲಿ ರಾತ್ರಿ ಕಳೆದು ಬೋಗಿಗೆ ಬಣ್ಣ ಹಾಕಿದಾಗ ಕೂಪರ್ ಜೊತೆಗಿದ್ದು ಚಿತ್ರ ತೆಗೆದರು. ಹಗಲಿನಲ್ಲಿ ಬ್ರಾಂಕ್ಸಿನ ಪಾಳು ನಿವೇಶನಗಳಲ್ಲಿ ಗಂಟೆಗಟ್ಟಲೆ ನಿಂತು, ಸೂರ್ಯ ಬೆನ್ನಿಗಿರುವಾಗ ಒಳ್ಳೆಯ ಬೋಗಿ ಹಾದುಹೋಗಲೆಂದು ಕಾಯುತ್ತಿದ್ದರು. ಚಾಲ್ಫಂಟ್ ಚಿತ್ರಗಳಲ್ಲಿ ಬರೀ ಬೋಗಿ. ಕೂಪರ್ ಚಿತ್ರಗಳಲ್ಲಿ ಬೋಗಿಯ ಜೊತೆಗೆ ಸುಟ್ಟು ಕರಿಯಾದ ಕಟ್ಟಡಗಳೂ ಆಕಾಶವೂ ಇವೆ.

ಇಬ್ಬರ ಚಿತ್ರಗಳೂ ಸೇರಿ 1984ರಲ್ಲಿ ‘ಸಬ್‌ವೇ ಆರ್ಟ್’ ಎಂಬ ಪುಸ್ತಕವಾಯಿತು. ಅಮೆರಿಕದ ಪ್ರಕಾಶಕರು ಒಪ್ಪದ ಕಾರಣ ಅದನ್ನು ಹೊರತಂದದ್ದು ಲಂಡನ್ನಿನ ಥೇಮ್ಸ್ ಅಂಡ್ ಹಡ್ಸನ್. ನ್ಯೂಯಾರ್ಕಿನ ರೈಲು ಕಣ್ಣಾರೆ ಕಾಣದ ಯೂರೋಪಿನ ಹುಡುಗರು ಆ ಹಾಳೆಗಳನ್ನು ನೋಡಿ ಅಕ್ಷರ ತಿದ್ದಿದರು. ಓಡುವ ಬೋಗಿಯ ಮೇಲೆ ಕ್ಷಣಮಾತ್ರ ಕಾಣುತ್ತಿದ್ದದ್ದು ಹಾಳೆಯ ಮೇಲೆ ನಿಂತುಕೊಂಡಿದ್ದರಿಂದಲೇ ಅದು ಕಲಿಯುವ ಪಾಠವಾಯಿತು. ಒಂದು ಮಾತು ನಿಜ: ಪುಸ್ತಕದಲ್ಲಿ ಕಣ್ಣು ಸೆಳೆಯುವುದು ಬಿಸಿಲಿನಲ್ಲಿ ಹೊಳೆಯುವ ಬೋಗಿಯ ಹೊರಮೈ. ಒಳಗೆ ಕುಳಿತು ಅಳಿಸಿಹೋದ ನಕ್ಷೆಯನ್ನು ನೋಡುತ್ತಿದ್ದವನ ಪಾಡು ಅದರಿಂದ ತಿಳಿಯುವುದಿಲ್ಲ.

ನಾಯಿ, ಬೇಲಿಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಸರಳ ನಿಯಮ. 1984ರಲ್ಲಿ ರೈಲು ಆಡಳಿತದ ಹೊಣೆ ಹೊತ್ತ ಡೇವಿಡ್ ಗನ್, ಒಮ್ಮೆ ಶುಚಿ ಮಾಡಿದ ಬೋಗಿಗೆ ಯಾರಾದರೂ ಬಣ್ಣ ಬಳಿದರೆ ಅದನ್ನು ಅಳಿಸುವ ತನಕ ಓಡಿಸಬಾರದೆಂದರು. ಯಾರ ಕಣ್ಣಿಗೂ ಬೀಳದ ಹೆಸರನ್ನು ಬರೆದು ಫಲವೇನು? ಬಿಸಿಲಿಗೆ ಬಾರದ ಬೋಗಿಯ ಚಿತ್ರ ತೆಗೆಯುವವರಾದರೂ ಯಾರು? 1989ರ ಮೇ 12ರಂದು ಗ್ರಾಫಿಟಿ ಇದ್ದ ಕೊನೆಯ ರೈಲು ಓಡಾಟ ನಿಲ್ಲಿಸಿತು.

ಹಳೆಯ ಬೋಗಿಗಳಲ್ಲಿ ಬಹಳಷ್ಟಕ್ಕೆ ಆ ದಶಕದಲ್ಲೇ ಕಡುಗೆಂಪು ಬಣ್ಣ ಹೊಡೆದಿದ್ದರು. ಜನ ಅವನ್ನು ‘ಕೆಂಪು ಹಕ್ಕಿ’ ಎಂದು ಕರೆದರು. 2001ರಿಂದ ಮುಂದೆ ಅಂಥ ಸಾವಿರಕ್ಕೂ ಹೆಚ್ಚು ಬೋಗಿಗಳನ್ನು ದೋಣಿಗಳಲ್ಲಿ ಒಯ್ದು, ಡೆಲವೇರ್ ಮೊದಲಾದ ರಾಜ್ಯಗಳ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಲಾಯಿತು. ಅಲ್ಲೀಗ ಮೀನುಗಳು ನೆಲೆ ಮಾಡಿಕೊಂಡಿವೆ. ಚಾಲ್ಫಂಟ್ ತೆಗೆದ ಬೋಗಿಗಳ ಚಿತ್ರಗಳನ್ನು 2019ರಲ್ಲಿ ಬ್ರಾಂಕ್ಸಿನ ಕಲಾ ಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು.